ಸುಡುವ ನೆರಳು

ಹುಬ್ಬಳ್ಳಿ-ಧಾರವಾಡ ರಸ್ತೆ ಅಗಲವಾಗುವಾಗ ಉರುಳಿದ ಮರಗಳಿಗೆ ಕೊನೆಗೂ ಪರಿಹಾರ ಸಿಕ್ಕಿತು. ಕಾಂಪೌಂಡ್ ಗೋಡೆಯ ಮೇಲೆ ಆಲದ ಮರ ಬರೆಸಿದ್ದಾರೆ, ತ್ರೀ-ಡಿ! ಬಿಳಲುಗಳು ಗೋಡೆ ಬಿಟ್ಟು ಫುಟ್‌ಪಾತಿಗೇ ಇಳಿದಂತಿವೆ. ಬುಡದಲ್ಲಿ ನೆರಳನ್ನೂ ಬಳಿದಿದ್ದಾರೆ. ಏಪ್ರಿಲ್ ಬಿಸಿಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಅಜ್ಜಿ ಅಲ್ಲೇ ಸರಿದು ಕೂತಳು. ಕೂತವಳು ತಟ್ಟನೆ ಎದ್ದು, "ಇದೆಂಥಾ ನೆಳ್ಳೋ ತಮ್ಮಾ, ಸುಡತೈತಿ" ಅಂದಳು.

ರೋಮಿನ ಸಂತ ಇಗ್ನೇಷಿಯಸ್ ಚರ್ಚಿನಲ್ಲಿ ಗುಮ್ಮಟ ಏಳಲೇ ಇಲ್ಲ. 1685ರಲ್ಲಿ ಆಂದ್ರೇಯಾ ಪೊತ್ಸೊ ಎಂಬ ಕ್ರೈಸ್ತ ಸನ್ಯಾಸಿ-ಚಿತ್ರಕಾರ ಕ್ಯಾನ್ವಾಸಿನ ಮೇಲೆ ಗುಮ್ಮಟ ಬರೆದು ಮೇಲೆ ಕೂರಿಸಿದ. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತರೆ ಸಾಕ್ಷಾತ್ ಗುಮ್ಮಟ, ಆಚೆ ಸರಿದರೆ ಸೊಟ್ಟ. ನಮ್ಮ ಆಲಕ್ಕೂ ಅಂಥದ್ದೊಂದು ಜಾಗ ಉಂಟು: ಉದ್ಘಾಟನೆಯ ದಿನ ಶಾಮಿಯಾನ ಹಾಕಿದ್ದಲ್ಲಿ. ವ್ಯತ್ಯಾಸ ಇಷ್ಟೇ, ಪೊತ್ಸೊ ಇಲ್ಲದ್ದನ್ನು ಬರೆದ. ನಾವು ಇದ್ದದ್ದನ್ನು ಕಡಿದು ಬರೆಸಿದೆವು.

ಚಿತ್ರ ಮಾತ್ರ ಅಪ್ಪಟ. ತೊಗಟೆಯ ಬಿರುಕುಗಳನ್ನು ಎಷ್ಟು ಚಂದ ತೆಗೆದಿದ್ದಾನೆಂದರೆ, ಪ್ರೇಮಿಗಳು ನಿಜವಾದ ಮರವೆಂದೇ ಬೈಕಿನ ಕೀಲಿಯಿಂದ ಬಾಣ ಚುಚ್ಚಿದ ಹೃದಯ ಕೆತ್ತಿದ್ದಾರೆ. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಅಕಾಡೆಮಿ ಕೊಟ್ಟೀತು? ಗುಟ್ಕಾ ಬಳಗ ಬೇರಿಗೆ ಕೆಂಪು ಎರೆದಿದೆ. ಕೊಂಬೆಗೆ ಟ್ಯೂಶನ್ ಕ್ಲಾಸಿನ ಪೋಸ್ಟರ್. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರ ಕಾಯ್ದೆಯೇ ಇದೆ. ಅದೂ ಗೋಡೆಯ ಮೇಲಿನ ಮರದಂತೆ ನೋಡಲಿಕ್ಕೆ ಚಂದ. ಲಕ್ಕುಂಡಿಯ ಹಳೇ ಗುಡಿಯ ಕಂಬದಲ್ಲಿ ಹೆಸರು ಗೀಚಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅದೇ ಹೆಸರನ್ನು ಗ್ರಾನೈಟಿನಲ್ಲಿ ಕೊರೆಸಿ ಪರದೆ ಎಳೆದರೆ ಚಪ್ಪಾಳೆ.

ಆಲದ ಬುಡದಲ್ಲಿ ಆ ಗ್ರಾನೈಟೂ ಇದೆ ಅನ್ನಿ. ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ಅಧ್ಯಕ್ಷತೆ. ಬಾರದವರ ಹೆಸರೂ ಬಂಗಾರದ ಅಕ್ಷರದಲ್ಲಿ. ಲಕ್ಕುಂಡಿಯ ಅತ್ತಿಮಬ್ಬೆಯ ಹೆಸರು 1007ರ ಶಾಸನದಿಂದ ಇವತ್ತಿಗೂ ಉಳಿದಿದೆ ನಿಜ. ಆದರೆ ಆಕೆ ಕಟ್ಟಿಸಿದ್ದು ಬಸದಿ, ಬಸದಿಯ ಚಿತ್ರವಲ್ಲ.

ಬಣ್ಣ ಬಳಿದ ಹುಡುಗ ಮೊನ್ನೆ ಚಹಾದಂಗಡಿಯಲ್ಲಿ ಸಿಕ್ಕ. "ನಿನ್ನ ಹೆಸರೆಲ್ಲೋ ಅದರಾಗ?" ಅಂದೆ.

"ಬರದಿದ್ನ್ರೀ ಸರ, ಬೇರಿನ ಹಂತ್ಯಾಕ. ಅದರ ಮ್ಯಾಲೇ ಕಲ್ಲು ಕೂಡಿಸ್ಯಾರ."

"ಬಿಲ್ಲರೆ ಆತೇನು?"

"ಅದೂ ತ್ರೀ-ಡಿನರಿ. ಕಾಣತೈತಿ, ಕೈಗೆ ಸಿಗವಲ್ದು."