ಮಮ್ಮಿಯ ಮೈಮೇಲಿನ ಉಪ್ಪು

ಮತ್ತೆ ಬಂತು ಅದೇ ಫಾರ್ವರ್ಡ್. ಇಸ್ರೇಲರನ್ನು ಈಜಿಪ್ಟಿನಿಂದ ಬಿಡಿಸಿ ಕರೆದೊಯ್ದ ಪ್ರವಾದಿ ಮೋಶೆಯನ್ನು ಅಟ್ಟಿಸಿಕೊಂಡು ಹೋಗಿ ಸಮುದ್ರದಲ್ಲಿ ಮುಳುಗಿದ ಫರೋಹ, ಅಂದರೆ ಈಜಿಪ್ಟಿನ ಅರಸ, ಇವನೇ, ಮೈಮೇಲೆ ಸಿಕ್ಕ ಉಪ್ಪೇ ಸಾಕ್ಷಿ ಅಂತ. ಕೆಳಗೆ ಎರಡನೇ ರಾಮ್ಸೆಸ್‌ನ ಫೋಟೊ. ಓದಿ ಮೈಯೆಲ್ಲ ಉರಿಯಿತು.

ಮಮ್ಮಿಯಲ್ಲಿ, ಅಂದರೆ ಕೊಳೆಯದ ಹಾಗೆ ಒಣಗಿಸಿಟ್ಟ ಹೆಣದಲ್ಲಿ, ಉಪ್ಪು ಇಲ್ಲದಿದ್ದರೆ ಆಶ್ಚರ್ಯಪಡಬೇಕು! ಎಡಪಕ್ಕೆ ಕೊಯ್ದು ಕರುಳು, ಜಠರ, ಯಕೃತ್ತು, ಶ್ವಾಸಕೋಶ ತೆಗೀತಿದ್ದರು. ತೆಗೆಯದಿದ್ದರೆ ದೇಹ ಒಳಗಿನಿಂದಲೇ ಕೊಳೆಯುತ್ತೆ. ಹೃದಯ ಮಾತ್ರ ಅಲ್ಲೇ ಬಿಡ್ತಿದ್ದರು. ಆಮೇಲೆ ಸುಮಾರು 40 ದಿನ ದೇಹವನ್ನು ಒಣ ನೇಟ್ರಾನಿನಲ್ಲಿ ಮುಚ್ಚಿಡೋದು. ನೇಟ್ರಾನ್ ಅಂದರೆ ವಾಷಿಂಗ್ ಸೋಡಾ, ಅಡುಗೆ ಸೋಡಾ, ಜೊತೆಗೆ ನಾವು ಊಟಕ್ಕೆ ಹಾಕೋ ಉಪ್ಪೇ ಬೆರೆತ ಕ್ಷಾರ. ಎಣ್ಣೆ, ರಾಳ, ಬಟ್ಟೆ ಸುತ್ತೋದು ಎಲ್ಲ ಸೇರಿ 70 ದಿನ. ಹಾಸಿಗೆಯಲ್ಲಿ ಸತ್ತವನ ಮೈಯಲ್ಲೂ ಉಪ್ಪು ಇದ್ದೇ ಇರುತ್ತೆ.

ಅದಕ್ಕಿಂತ ದೊಡ್ಡ ಮಾತು: ಮೋಶೆಯ ಕಥೆ ಹೇಳೋ ಬೈಬಲಿನ ವಿಮೋಚನಕಾಂಡ ಆ ಅರಸನ ಹೆಸರನ್ನೇ ಹೇಳಲ್ಲ. ಬರೀ ಫರೋಹ. ಮೂಲದಲ್ಲಿ ಆ ಪದಕ್ಕೆ 'ದೊಡ್ಡ ಮನೆ' ಅಂತ ಅರ್ಥ. 'ಅರಮನೆಯ ಅಪ್ಪಣೆ' ಅಂತ ನಾವು ಹೇಳೋ ಹಾಗೆ. ಕುರಾನಿನಲ್ಲೂ ಮೂಸಾನ (ಮೋಶೆಯ) ಎದುರಾಳಿ ಬರೀ ಫಿರ್‌ಔನ್. ಯೂಸುಫನ (ಬೈಬಲಿನ ಯೋಸೇಫನ) ಕಾಲದ ದೊರೆಯಂತೂ 'ಮಲಿಕ್', ರಾಜ, ಅಷ್ಟೇ. ಗ್ರಂಥವೇ ಹೇಳದ ಹೆಸರನ್ನು ಅಂಟಿಸೋಕೆ ನಾವ್ಯಾರು?

"ರಾಮ್ಸೇಸ್ ಅನ್ನೋ ಪಟ್ಟಣವನ್ನು ಇಸ್ರೇಲರು ಕಟ್ಟಿದರು ಅಂತ ಇದೆಯಲ್ಲ" ಅಂತೀರಿ. ಇದೆ, ಮೊದಲ ಅಧ್ಯಾಯದಲ್ಲೇ. ಎರಡನೇ ರಾಮ್ಸೆಸ್ ನೈಲ್ ಮುಖಜಭೂಮಿಯಲ್ಲಿ ತನ್ನ ಹೆಸರಿನ ರಾಜಧಾನಿ ಕಟ್ಟಿಸಿದ್ದೂ ನಿಜ. ಆದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 47ನೇ ಅಧ್ಯಾಯದಲ್ಲಿ, ಮೋಶೆಗಿಂತ ಎಷ್ಟೋ ತಲೆಮಾರು ಹಿಂದಿನ ಯೋಸೇಫ ತನ್ನ ಅಪ್ಪನಿಗೆ ಕೊಡೋ ನೆಲಕ್ಕೂ ರಾಮ್ಸೇಸ್ ಅಂತಲೇ ಹೆಸರು. ಊರಿನ ಹೆಸರು ಹಿಡಿದು ಅರಸನನ್ನು ಗುರುತಿಸೋಕೆ ಆಗಲ್ಲ.

ಇಸ್ರೇಲರ ಬಗ್ಗೆ ನಿಜವಾದ ಸಾಕ್ಷಿ ಬೇಕಾ? ರಾಮ್ಸೆಸ್‌ನ ಮಗ ಮೆರ್ನೆಪ್ತಾನ ಶಿಲಾಶಾಸನ ನೋಡಿ. 1896ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಪೆಟ್ರಿಗೆ ಈಜಿಪ್ಟಿನ ಥೀಬ್ಸ್‌ನಲ್ಲಿ ಸಿಕ್ಕಿದ್ದು. ಅದರಲ್ಲಿರೋ 28 ಸಾಲುಗಳಲ್ಲಿ ಹೆಚ್ಚಿನವು ಲಿಬಿಯಾ ಯುದ್ಧದ್ದು. 27ನೇ ಸಾಲಿನಲ್ಲಿ ಇಸ್ರೇಲ್! ಪಕ್ಕದ ಅಷ್ಕೆಲೋನ್, ಗೆಜೆರ್ ಊರುಗಳ ಹೆಸರಿನ ಮುಂದೆ, ಚಿತ್ರಲಿಪಿಯಲ್ಲಿ ಪರನಾಡನ್ನು ಸೂಚಿಸೋ ಮೂರು ಗುಡ್ಡಗಳ ಗುರುತಿದೆ. ಇಸ್ರೇಲಿನ ಮುಂದೆ ಅದಿಲ್ಲ. ಕೂತ ಒಬ್ಬ ಗಂಡಸು, ಒಬ್ಬ ಹೆಂಗಸು, ಕೆಳಗೆ ಮೂರು ಗೆರೆ. ಅಂದರೆ ನಾಡಲ್ಲ, ಜನ. ಇಂಥದ್ದನ್ನು ಯಾರೂ ಫಾರ್ವರ್ಡ್ ಮಾಡಲ್ಲ.

ಹೆಸರು ಹೇಳೋ ಕಡೆ ಬೈಬಲ್ ಸ್ಪಷ್ಟವಾಗೇ ಹೇಳುತ್ತೆ. ಮೆಗಿದ್ದೋ ಅನ್ನೋ ಊರಲ್ಲಿ ಯೆಹೂದದ ಅರಸ ಯೋಷೀಯನನ್ನು ಕೊಂದ ಫರೋಹ ನೆಕೋ, ಕ್ರಿ.ಪೂ. 609. ಯೆರೆಮೀಯನ ಗ್ರಂಥದ ಫರೋಹ ಹೊಫ್ರ. ಯೆಹೂದದ ಅರಸ ರೆಹಬ್ಬಾಮನ ಮೇಲೆ, ಜೆರುಸಲೇಮಿಗೇ ಬಂದ ಶೀಶಕನನ್ನು ವಿದ್ವಾಂಸರು ಫರೋಹ ಮೊದಲನೇ ಶೋಶೆಂಕ್ ಅಂತ ಗುರುತಿಸ್ತಾರೆ. ಅವನು ದಂಡೆತ್ತಿ ಹೋದ ಊರುಗಳ ಪಟ್ಟಿ ಈಜಿಪ್ಟಿನ ಕಾರ್ನಾಕ್ ದೇವಸ್ಥಾನದ ಗೋಡೆ ಮೇಲೆ ಇವತ್ತಿಗೂ ಇದೆ. ಉಳಿದಿರೋ ಹೆಸರುಗಳಲ್ಲಿ ಮೆಗಿದ್ದೋ ಇದೆ, ಜೆರುಸಲೇಮ್ ಇಲ್ಲ.