ಐವತ್ತು ತುಂಬಿದ ಕಾರಿಗೆ ಸನ್ಮಾನ

ಎಪ್ಪತ್ತರ ದಶಕದ ಕಾರುಗಳಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು? ನಮ್ಮ ಕಾಸರಗೋಡಿನ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾವ ಮದುವೆ ಊಟದ ಪಂಕ್ತಿಯಲ್ಲಾದರೂ ಈ ಪ್ರಶ್ನೆ ಎತ್ತಿ ನೋಡಿ. ಪಾಯಸ ಬರುವುದರೊಳಗೆ ಎರಡು ಪಕ್ಷ ಆಗಿರುತ್ತದೆ.

ಒಂದು ಪಕ್ಷ ಮೊಬೈಲ್ ನೋಡಿ ಕಲಿತವರದ್ದು. ಅವರ ಪ್ರಕಾರ ಜಗತ್ತಿನ ಕೆಟ್ಟ ಕಾರು ಅಮೆರಿಕದ ಫೋರ್ಡ್ ಪಿಂಟೋ. ಹಿಂದಿನಿಂದ ಗುದ್ದಿದರೆ ಪೆಟ್ರೋಲ್ ಟ್ಯಾಂಕಿಗೇ ಪೆಟ್ಟು. ಎರಡನೆಯದು ಇಂಗ್ಲೆಂಡಿನ ಆಸ್ಟಿನ್ ಅಲೆಗ್ರೋ. ಅದರ ಸ್ಟೇರಿಂಗ್ ಸರಿಯಾಗಿ ಉರುಟೂ ಅಲ್ಲ, ಚೌಕವೂ ಅಲ್ಲ. ಮೂರನೆಯದು ಅಮೆರಿಕದ್ದೇ ಆದ ಎಎಂಸಿ ಕಂಪೆನಿಯ ಗ್ರೆಮ್ಲಿನ್. ಅದನ್ನು ಮಾರಾಟಕ್ಕೆ ಬಿಟ್ಟದ್ದು 1970ರ ಏಪ್ರಿಲ್ 1ರಂದು, ಅಂದರೆ ಕಂಪೆನಿಯವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಈ ಮೂರರಲ್ಲಿ ಒಂದಾದರೂ ತಲಪಾಡಿ ಗಡಿ ದಾಟಿ ಬಂದದ್ದನ್ನು ಕಂಡವರಿಲ್ಲ. ಆದರೂ ಪೆರ್ಲದ ಹುಡುಗರಿಗೆ ಪಿಂಟೋ ಮೇಲೆ ಇರುವ ಸಿಟ್ಟು ನೋಡಬೇಕು ಮಾರಾಯ್ರೇ, ಅಪ್ಪನ ದುಡ್ಡು ಅದರಲ್ಲೇ ಮುಳುಗಿತೋ ಎಂಬ ಹಾಗೆ.

ಇನ್ನೊಂದು ಪಕ್ಷ ಹಿರಿಯರದ್ದು. ಇವರಿಗೆ ಅಂಬಾಸಿಡರ್ ಎಂದರೆ ಕಣ್ಣು ಮಂಜಾಗುತ್ತದೆ. ‘ಆಗಿನ ಗಾಡಿ ಗಾಡಿ, ಈಗಿನದ್ದೆಲ್ಲ ಡಬ್ಬ’ ಎಂದು ಶುರು ಮಾಡುತ್ತಾರೆ. ಊಟ ಮುಗಿಸಿ ಅದೇ ಡಬ್ಬದಲ್ಲಿ ಎಸಿ ಹಾಕಿಕೊಂಡು ಮನೆಗೆ ಹೋಗುತ್ತಾರೆ.

ಅಲ್ಲ, ಮೆಚ್ಚಿನದ್ದು ಅನ್ನಬೇಕಾದರೆ ಮೊದಲು ಆರಿಸಿಕೊಳ್ಳಲು ನಾಲ್ಕಾರು ಇರಬೇಕಲ್ವಾ? ಆಗ ಹೊಸ ಕಾರು ಎಂದರೆ ಅಂಬಾಸಿಡರ್, ಫಿಯೆಟ್, ಸ್ಟಾಂಡರ್ಡ್, ಮುಗಿಯಿತು. ಎಷ್ಟು ಕಾರು ತಯಾರಾಗಬೇಕು ಎಂದು ಹೇಳುವುದು ದಿಲ್ಲಿಯ ಲೈಸೆನ್ಸ್. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯುವುದು ನಮ್ಮ ಪಾಲು. ಬುಕ್ ಮಾಡುವಾಗ ಹುಟ್ಟಿದ ಮಗು ಕಾರು ಬಂದಾಗ ಅದನ್ನು ತಳ್ಳುವಷ್ಟು ದೊಡ್ಡದಾಗಿರುತ್ತಿತ್ತು. ಒಂದು ಲೆಕ್ಕಕ್ಕೆ ಅನುಕೂಲವೇ.

ಬದಲಾವಣೆ ಆಗಲಿಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಐವತ್ತರ ದಶಕದಲ್ಲೇ ಇಲ್ಲಿಗೆ ಬಂದು ಅಂಬಾಸಿಡರ್ ಎಂದು ಹೆಸರು ಬದಲಿಸಿತು. 1975ರಲ್ಲಿ ಮಾರ್ಕ್ 3 ಬಂತು, 1979ರಲ್ಲಿ ಮಾರ್ಕ್ 4. ಏನು ಹೊಸತು ಎಂದು ಕೇಳಿದರೆ ಎದುರಿನ ಜಾಲರಿ ತೋರಿಸುತ್ತಿದ್ದರು. ಗೇರು ಮಾತ್ರ ಸ್ಟೇರಿಂಗಿನ ಪಕ್ಕದಲ್ಲೇ ಇತ್ತು, ಸಿಕ್ಕಿಹಾಕಿಕೊಳ್ಳುವ ಚಟವೂ ಅದಕ್ಕೆ ಇತ್ತು. ಸಿಕ್ಕಿಕೊಂಡಾಗ ಡ್ರೈವರ್ ಗಾಬರಿಯಾಗುತ್ತಿರಲಿಲ್ಲ. ಬೀಡಿ ಬಾಯಲ್ಲೇ ಇಟ್ಟುಕೊಂಡು ಇಳಿದು, ಬಾನೆಟ್ ಎತ್ತಿ, ಲಿವರಿನ ಬುಡಕ್ಕೆ ಸ್ಪ್ಯಾನರಿನಲ್ಲಿ ಎರಡು ಬಾರಿಸಿ, ಬಾನೆಟ್ ಹಾಕಿ, ಏನೂ ಆಗದವನಂತೆ ಬಂದು ಕೂರುತ್ತಿದ್ದ. ಒಳಗಿದ್ದವರೂ ಮಾತು ನಿಲ್ಲಿಸುತ್ತಿರಲಿಲ್ಲ.

ಫಿಯೆಟ್ 1100 ಆ ದಶಕದ ನಡುವಿಗೆ ಪ್ರೀಮಿಯರ್ ಪದ್ಮಿನಿ ಆಯಿತು. ಎಂಜಿನ್ ಅದೇ, ಮೈ ಅದೇ, ಬಂದದ್ದು ರಾಣಿಯ ಹೆಸರು. ಮದ್ರಾಸಿನ ಸ್ಟಾಂಡರ್ಡ್ ಹೆರಾಲ್ಡ್ ಇಂದಿಗೂ ಎಲ್ಲರಿಂದ ಬೈಸಿಕೊಳ್ಳುತ್ತದೆ, ಪಾಪ. ಅದರ ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚುತ್ತಿತ್ತು. ಮೆಕ್ಯಾನಿಕ್ ಮುಂದಿನ ಟಯರಿನ ಮೇಲೆ ಆರಾಮವಾಗಿ ಕೂತು ಕೆಲಸ ಮಾಡಬಹುದು. ಮೆಕ್ಯಾನಿಕ್‌ಗೆ ಕೂರಲು ಜಾಗ ಇಟ್ಟು ಮಾಡಿದ ಕಾರಿಗಿಂತ ಪ್ರಾಮಾಣಿಕವಾದ ಕಾರು ಬೇರೆ ಯಾವುದು?

ಸಂಜಯ್ ಗಾಂಧಿಯವರ ‘ಮಾರುತಿ’ ಎಂಬ ಸಣ್ಣ ಕಾರನ್ನು ಯಾರೂ ಪಟ್ಟಿಗೆ ಸೇರಿಸುವುದಿಲ್ಲ. ಅನುಮತಿ 1970ರಲ್ಲೇ ಸಿಕ್ಕಿತ್ತು. ದಶಕ ಮುಗಿದರೂ ಒಂದು ಕಾರು ಗಿರಾಕಿಯ ಮನೆಗೆ ಬರಲಿಲ್ಲ. ಹಾಗಾಗಿ ಬ್ರೇಕ್ ಫೇಲಾಗದ, ರೇಡಿಯೇಟರ್ ಕುದಿಯದ, ಎಲ್ಲೂ ಕೈಕೊಡದ ಕಾರು ಆ ಕಾಲದಲ್ಲಿ ಅದೊಂದೇ.

ನಿಜ ಹೇಳಬೇಕೆಂದರೆ ನಮ್ಮ ಗುಡ್ಡದ ರಸ್ತೆಗಳನ್ನು ಸಾಕಿದ್ದು ಈ ಯಾವುದೂ ಅಲ್ಲ, ಟ್ರಿಪ್ ಜೀಪು. ಡ್ರೈವರಿನ ಬಲಕ್ಕೂ ಒಬ್ಬರು ಕೂರುತ್ತಿದ್ದರು, ಹಿಂದೆ ನಾಲ್ಕು ಜನ ನೇತಾಡುತ್ತಿದ್ದರು, ನಡುವೆ ಅಡಿಕೆ ಮೂಟೆ. ಅದಕ್ಕೆ ಯಾವ ಪ್ರೇಮಿಯೂ ಇಲ್ಲ, ಯಾವ ರ‍್ಯಾಲಿಯೂ ಇಲ್ಲ. ಕೆಲಸ ಮಾಡಿದವರ ಗತಿ ಎಲ್ಲ ಕಡೆ ಇಷ್ಟೇ.

ಈಗ ಕಾನೂನಿಗೂ ಈ ಪ್ರೀತಿ ಅಂಟಿದೆ. 2021ರಲ್ಲಿ ಕೇಂದ್ರ ಸರಕಾರ ಹೊಸ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿ ‘ವಿಂಟೇಜ್’. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ನಂತರ ಮತ್ತೆ 5,000. ನಂಬರಿನ ನಡುವೆ ‘ವಿಎ’ ಎಂಬ ಬಿರುದು. ಗಾಡಿಗೆ ಹದಿನೈದು ವರ್ಷ ದಾಟಿದ್ದೇ ಹೊಗೆಯ ಅಪರಾಧಿ, ಹಸಿರು ತೆರಿಗೆ ಕಟ್ಟು ಎನ್ನುತ್ತಾರೆ. ನಲವತ್ತೊಂಬತ್ತರವರೆಗೂ ಅದೇ ಬೈಗುಳ. ಐವತ್ತಾದ ಮರುದಿನ ಅದೇ ಹೊಗೆ ದೇಶದ ಪರಂಪರೆ.

ಆದರೆ ಒಂದು ಷರತ್ತು: ಗಾಡಿ ಮೂಲ ರೂಪದಲ್ಲೇ ಇರಬೇಕು, ಎಂಜಿನ್, ಚಾಸಿಸ್ ಬದಲಾಗಿರಬಾರದು. ನಮ್ಮ ಕಡೆಯ ಅಂಬಾಸಿಡರಿನ ಹೊಟ್ಟೆಯಲ್ಲಿ ಮೆಟಾಡೋರ್ ವ್ಯಾನಿನ ಡೀಸೆಲ್ ಎಂಜಿನ್ ಕೂತು ಯಾವ ಕಾಲವಾಯಿತು! ಪೆಟ್ರೋಲ್ ರೇಟು ನೋಡಿ ಮಾಡಿದ ಆ ಬುದ್ಧಿವಂತಿಕೆಯೇ ಈಗ ಅನರ್ಹತೆ.

ಇನ್ನೊಂದು ಷರತ್ತು ಮಾತ್ರ ನನಗೆ ಬಹಳ ಹಿಡಿಸಿತು. ವಿಂಟೇಜ್ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ ಬಿಟ್ಟರೆ ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ಮಾತ್ರ ರಸ್ತೆಗೆ ತರಬಹುದು. ಈ ನಿಯಮ ಬರೆದ ಅಧಿಕಾರಿಯ ಮನೆಯಲ್ಲಿ ಆ ಕಾಲದ ಕಾರು ಖಂಡಿತ ಇದ್ದಿರಬೇಕು. ಹೊಸತಾಗಿದ್ದಾಗಲೂ ಅವು ಹೋಗುತ್ತಿದ್ದದ್ದು ಬಂಕಿಗೆ ಮತ್ತು ಗ್ಯಾರೇಜಿಗೆ ಮಾತ್ರ ತಾನೇ?

1977ರಲ್ಲಿ ನೋಂದಣಿಯಾದ ಪದ್ಮಿನಿಯನ್ನು ಶೆಡ್ಡಿನಲ್ಲಿ ಇಟ್ಟವರು ಇನ್ನು 2027ರವರೆಗೆ ಟಾರ್ಪಾಲು ಹೊದಿಸಿ ಕಾಯಬೇಕು. ನಿಯಮದಲ್ಲಿ ನೋಂದಣಿ ದಿನವೇ ಲೆಕ್ಕ. ಬುಕ್ ಮಾಡಿದ ದಿನದಿಂದ ಎಣಿಸುತ್ತಿದ್ದರೆ ಅದು ಯಾವಾಗಲೋ ವಿಂಟೇಜ್ ಆಗಿಬಿಡುತ್ತಿತ್ತು.