ಮನೆ ಕಂದಾಯ ಮೊದಲೋ, ಊರಿನ ಕೆಲಸ ಮೊದಲೋ?

ಪರ: ಮೊದಲು ಕಟ್ಟೋಣ

ಪಂಚಾಯಿತಿ ಬಿಲ್ ಕಲೆಕ್ಟರ್ ಬಂದರೆ ನಮ್ಮೂರಲ್ಲಿ ಸಿಗುವ ಉತ್ತರ ಒಂದೇ: "ಮುಂದಿನ ತಿಂಗಳು ಬಾರಪ್ಪ." ನಾನೂ ಹಾಗೇ ಹೇಳಿ ಕಳಿಸಿದ್ದೇನೆ. ಆದರೆ ಬೀದಿ ದೀಪ ಕೆಟ್ಟ ರಾತ್ರಿ ಫೋನ್ ಮಾಡಿ ಜೋರು ಮಾಡುವವರೂ ನಾವೇ ಅಲ್ವಾ?

ಪಂಚಾಯಿತಿಗೆ ಮೇಲಿಂದ ದುಡ್ಡು ಬರುತ್ತದೆ, ನಿಜ. ಆದರೆ ಅದನ್ನು ಬೇಕಾದ ಹಾಗೆ ಖರ್ಚು ಮಾಡುವ ಹಾಗಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021–22ರಿಂದ 2025–26ರವರೆಗೆ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದದ್ದಕ್ಕೂ ಕ್ರಿಯಾಯೋಜನೆ, ಮಂಜೂರಾತಿ ಅಂತ ಓಡಾಟ. ಊರೇ ತೀರ್ಮಾನ ಮಾಡಿ ಊರಿಗೇ ಹಾಕಬಹುದಾದ ದುಡ್ಡು ಅಂದರೆ ನಾವು ಕಟ್ಟುವ ಕಂದಾಯ.

ಇನ್ನೊಂದು ಮಾತು. ಕಾಂಗೋ ದೇಶದ ಕನಾಂಗಾ ನಗರದಲ್ಲಿ 2016ರಲ್ಲಿ ಕೆಲವು ಬಡಾವಣೆಗಳಲ್ಲಿ ಮಾತ್ರ ಮನೆಮನೆಗೆ ಹೋಗಿ ತೆರಿಗೆ ವಸೂಲಿ ಮಾಡಿದರು. ಆಮೇಲೆ ಸರ್ಕಾರ ಕರೆದ ಸಭೆಗಳಿಗೆ ಆ ಬಡಾವಣೆಗಳಿಂದಲೇ ಜಾಸ್ತಿ ಜನ ಬಂದರು. ವಸೂಲಿ ಶುರುವಾದ ಕಡೆ ಕೇಳುವವರೂ ಹೆಚ್ಚಿದರು. ನಮ್ಮ ಗ್ರಾಮಸಭೆಯ ಖಾಲಿ ಕುರ್ಚಿ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ವಿರೋಧ: ಮೊದಲು ಲೆಕ್ಕ ಕೊಡಲಿ

ಜನರಿಗೆ ಕಟ್ಟುವ ಮನಸ್ಸಿಲ್ಲ ಅಂತ ಬಯ್ಯುವುದು ಸುಲಭ. ಮನಸ್ಸು ಸುಮ್ನೆ ಬರುತ್ತದೆಯೇ?

ಬ್ಯಾಂಕ್ ಸಾಲಕ್ಕೆ ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ಫಾರಂ 9, ಬೇಕಾದಾಗ "ಬಾಕಿ ಕಟ್ಟಿ ಬನ್ನಿ" ಅಂದರು. ಎಲ್ಲಾ ವರ್ಷದ್ದನ್ನೂ ಒಟ್ಟಿಗೆ ಕಟ್ಟಿದೆವು. ಅದು ಮನಸ್ಸಿದ್ದು ಕಟ್ಟಿದ್ದಲ್ಲ, ಕಾಗದಕ್ಕಾಗಿ ಕಟ್ಟಿದ್ದು. ಮನೆಗೆ ಬಂದು ರಸೀದಿ ಬಿಡಿಸಿ ನೋಡಿದೆ. ಕಂದಾಯದ ಕೆಳಗೆ ಆರೋಗ್ಯ, ಶಿಕ್ಷಣ, ಗ್ರಂಥಾಲಯ, ಭಿಕ್ಷುಕರ ಉಪಕರ ಅಂತ ಸಾಲು. ಭಿಕ್ಷುಕರ ಉಪಕರ ಊರಲ್ಲಿ ಉಳಿಯುವುದೇ ಇಲ್ಲ. ಗ್ರಂಥಾಲಯಕ್ಕೂ ಕೊಟ್ಟಿದ್ದೇವೆ, ಆದರೆ ನಮ್ಮೂರ ಗ್ರಂಥಾಲಯದ ಬೀಗಕ್ಕೆ ತುಕ್ಕು ಹಿಡಿದಿದೆ. ಪಕ್ಕದಲ್ಲೇ ಮಕ್ಕಳು ಮೆಟ್ಟಿಲ ಮೇಲೆ ಕೂತು ಮೊಬೈಲ್ ನೋಡುತ್ತವೆ. ಹೊಟ್ಟೆ ಉರಿಯುತ್ತದೆ.

ಕೂಲಿ ಮಾಡಿ ಶೀಟಿನ ಮನೆಯಲ್ಲಿ ಇರುವವರಿಗೆ ಕೆಲವು ನೂರು ರೂಪಾಯಿಯೂ ಒಂದು ದಿನದ ದುಡಿಮೆ. ಅವರ ಬಾಗಿಲಿಗೆ ಮೂರು ಸಲ ಹೋಗುವವರು ಹೆದ್ದಾರಿ ಪಕ್ಕದ ಕಾಂಪ್ಲೆಕ್ಸಿಗೂ ಅಷ್ಟೇ ಸಲ ಹೋಗಬೇಕು.

ಪ್ರತಿ ವರ್ಷ ಜಮಾಬಂದಿ ನಡೆಸಿ ಜನರ ಎದುರು ಲೆಕ್ಕ ಇಡಬೇಕು ಅಂತ ನಿಯಮವೇ ಇದೆ. ನಮ್ಮಲ್ಲಿ ಅದು ನಡೆದದ್ದು ಕೆಲಸದ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಹೊಲದಲ್ಲಿ ಇದ್ದವರು ಹೇಗೆ ಬರಬೇಕು? ಮುಂದಿನ ಸಲ ಭಾನುವಾರ ಸಂಜೆ ಇಡಲಿ. ಊರೆಲ್ಲ ಬರುತ್ತೇವೆ. ಆ ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳುವುದಿದೆ.